ಮಸ್ಕಿಯಲ್ಲಿ ಬಸ್ಸು ಐದೇ ನಿಮಿಷ ನಿಲ್ಲುತ್ತದೆ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬಸ್ಸು ನಡುದಾರಿಯಲ್ಲಿ ಮಸ್ಕಿಯಲ್ಲಿ ಐದು ನಿಮಿಷ ನಿಲ್ಲುತ್ತದೆ. ಕಂಡಕ್ಟರ್ ಇಳಿದು ಸಹಿ ಮಾಡಿಸಿಕೊಂಡು ಬರುವಷ್ಟರಲ್ಲಿ ಕಿಟಕಿಯ ಕೆಳಗೆ ಹುರಿದ ಶೇಂಗಾ, ಬಾಳೆಹಣ್ಣು, ವಗ್ಗರಣೆ-ಮಿರ್ಚಿಯ ಪೊಟ್ಟಣಗಳು ಬಂದು ಹೋಗುತ್ತವೆ. ಕಿಟಕಿಯಾಚೆ, ಮನೆಗಳ ಮಾಳಿಗೆಗಳ ಮೇಲೆ, ಯಾರೋ ಕೈಯಿಂದ ಒಟ್ಟಿದಂತೆ ಕಾಣುವ ಬಂಡೆಗಳ ಗುಡ್ಡ. ಆ ದಾರಿಯಲ್ಲಿ ನಾನು ನೂರಾರು ಸಲ ಓಡಾಡಿದ್ದೇನೆ. ಶೇಂಗಾ ತಿಂದಿದ್ದೇನೆ. ಒಮ್ಮೆಯೂ ಇಳಿದಿರಲಿಲ್ಲ.

ಇಳಿಸಿದವಳು ಎಂಟನೆಯ ತರಗತಿಯಲ್ಲಿ ಓದುವ ಮಗಳು. ಸಮಾಜ ವಿಜ್ಞಾನದ ಪುಸ್ತಕ ಹಿಡಿದು ಕೂತವಳು ಒಂದು ಸಂಜೆ ತಲೆ ಎತ್ತಿ, "ಅಪ್ಪಾ, ಇಲ್ಲಿ ಮಸ್ಕಿ ಅಂತ ಐತಲ್ಲ, ಇದು ನಮ್ಮ ಮಸ್ಕೀನಾ?" ಎಂದು ಕೇಳಿದಳು. ಹೌದು ಎಂದೆ. "ಮತ್ತ ನಾವು ಯಾಕ ನೋಡಿಲ್ಲ?" ಎಂದಳು. ಉತ್ತರ ಹೊಳೆಯಲಿಲ್ಲ. ಅವಳು ಮೈಸೂರು ನೋಡಿದ್ದಾಳೆ. ಬೇಲೂರು, ಹಳೇಬೀಡು ನೋಡಿದ್ದಾಳೆ. ಜೋಗದಲ್ಲಿ ನೀರಿಲ್ಲದ ಬಂಡೆಯನ್ನೂ ನೋಡಿ ಬಂದಿದ್ದಾಳೆ. ಮನೆಯಿಂದ ಮುಕ್ಕಾಲು ಗಂಟೆಯ ದಾರಿಯಲ್ಲಿರುವ ಅಶೋಕನ ಶಾಸನವನ್ನು ಮಾತ್ರ ನೋಡಿರಲಿಲ್ಲ.

ಮುಂದಿನ ಭಾನುವಾರ ನಾವು ನಾಲ್ವರೂ ಹೊರಟೆವು. ಮಸ್ಕಿಯಲ್ಲಿ ಇಳಿದು ಚಹಾದಂಗಡಿಯಲ್ಲಿ ದಾರಿ ಕೇಳಿದೆವು. ಅಂಗಡಿಯವರು ಕೆಟಲಿ ಕೆಳಗಿಟ್ಟು, "ಕಲ್ಲು ನೋಡಾಕ ಬಂದೀರೇನ್ರಿ? ನೆಟ್ಟಗ ಹೋಗ್ರಿ, ಗುಡ್ಡದ ಬುಡದಾಗ ಐತಿ" ಎಂದರು. ಹೋದೆವು. ದೊಡ್ಡ ಬಂಡೆಗಳ ಸಂದಿ, ರಕ್ಷಣೆಗೆ ಹಾಕಿದ ಕಬ್ಬಿಣದ ತಡೆ, ಅದರಾಚೆ ಮಾಸಿದ ಕೆಲವು ಸಾಲುಗಳು. ಮಗಳು ತಡೆಗೆ ಮುಖ ಒತ್ತಿ ನೋಡಿದಳು. "ಅಶೋಕ ಅಂತ ಎಲ್ಲಿ ಬರೆದೈತಿ ತೋರಸು" ಎಂದಳು. ನನಗೆ ಗೊತ್ತಿರಲಿಲ್ಲ. ಹೆಂಡತಿಗೂ ಗೊತ್ತಿರಲಿಲ್ಲ. ಅಲ್ಲಿ ಕೇಳೋಣವೆಂದರೆ ನಮ್ಮನ್ನು ಬಿಟ್ಟರೆ ಎರಡು ಆಡುಗಳು ಮಾತ್ರ ಇದ್ದವು. ಹತ್ತು ನಿಮಿಷ ನಿಂತು, ಫೋಟೊ ತೆಗೆಸಿಕೊಂಡು, ಇನ್ನೇನು ಮಾಡುವುದೆಂದು ತಿಳಿಯದೆ ಮುಂದಿನ ಬಸ್ಸಿಗೆ ಹಿಂದಿರುಗಿದೆವು. ನೋಡಿ ಬಂದರೂ ನೋಡದ ಹಾಗೆಯೇ ಆಗಿತ್ತು.

ಒಂದು ಹೆಸರಿನ ಕಥೆ

ಮನೆಗೆ ಬಂದ ಮೇಲೆ ಹಳೆಯ ಪುಸ್ತಕಗಳನ್ನು ತೆಗೆದು ಕೂತೆ. ಕಥೆ ಪತ್ತೇದಾರಿ ಕಾದಂಬರಿಯ ಹಾಗಿದೆ.

ಬ್ರಾಹ್ಮೀ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ ಓದಿದ್ದು 1837ರಲ್ಲಿ. ಉತ್ತರ ಭಾರತದ ಕಂಬಗಳು, ಬಂಡೆಗಳು ಅದರೊಂದಿಗೆ ಮಾತನಾಡತೊಡಗಿದವು. ಆದರೆ ಎಲ್ಲ ಕಡೆಯೂ ಸಿಕ್ಕಿದ್ದು ಬಿರುದು ಮಾತ್ರ: ದೇವರಿಗೆ ಪ್ರಿಯನಾದ ಪ್ರಿಯದರ್ಶಿ. ಈತ ಯಾವ ರಾಜ? ಸಿಂಹಳದ ಹಳೆಯ ಬೌದ್ಧ ಗ್ರಂಥವೊಂದರಲ್ಲಿ ಮೌರ್ಯ ಅಶೋಕನಿಗೆ ಪ್ರಿಯದರ್ಶಿ ಎಂಬ ಹೆಸರೂ ಇರುವುದನ್ನು ಜಾರ್ಜ್ ಟರ್ನರ್ ಎಂಬ ಅಧಿಕಾರಿ ತೋರಿಸಿಕೊಟ್ಟರು. ಹಾಗಾಗಿ ಪ್ರಿಯದರ್ಶಿಯೇ ಅಶೋಕ ಎಂದು ವಿದ್ವಾಂಸರು ಒಪ್ಪಿದರು. ಒಪ್ಪಿದರೂ ಅದು ಪುಸ್ತಕದ ಸಾಕ್ಷಿ. ಕಲ್ಲಿನ ಸಾಕ್ಷಿ ಬೇಕಿತ್ತು.

ಅದು ಸಿಕ್ಕಿದ್ದು 78 ವರ್ಷಗಳ ನಂತರ. 1915ರ ಜನವರಿಯಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಆಗಿನ ನಿಜಾಮ್ ಸಂಸ್ಥಾನಕ್ಕೆ ಸೇರಿದ್ದ ಈ ಸೀಮೆಯಲ್ಲಿ ಚಿನ್ನದ ಜಾಡು ಹುಡುಕುತ್ತ ಮಸ್ಕಿಯ ಗುಡ್ಡಕ್ಕೆ ಬಂದ. ಚಿನ್ನಕ್ಕೆ ಬಂದವನ ಕಣ್ಣಿಗೆ ಬಿದ್ದದ್ದು ಅಕ್ಷರ. ಶಾಸನತಜ್ಞ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಪ್ರಕಟಿಸಿದರು. ಮೊದಲ ಸಾಲಿನಲ್ಲೇ ಪ್ರಾಕೃತ ಭಾಷೆಯಲ್ಲಿ 'ದೇವಾನಂಪಿಯಸ ಅಸೋಕಸ' ಎಂದಿತ್ತು. ಅಂದರೆ ದೇವಾನಾಂಪ್ರಿಯ ಅಶೋಕನ. ಸಾಮ್ರಾಟನ ಸ್ವಂತ ಹೆಸರನ್ನು ಹೊತ್ತ ಶಾಸನ ಜಗತ್ತಿಗೆ ಮೊದಲು ಸಿಕ್ಕಿದ್ದು ಇಲ್ಲಿ, ನಾವು ಶೇಂಗಾ ಕೊಳ್ಳುವ ಬಸ್ ನಿಲ್ದಾಣದ ಹತ್ತಿರದ ಗುಡ್ಡದಲ್ಲಿ. ಆಮೇಲೆ ಮಧ್ಯಪ್ರದೇಶದ ಗುಜ್ಜರಾದಲ್ಲಿ, ನಮ್ಮ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲಿಯೂ ಆ ಹೆಸರು ಸಿಕ್ಕಿತು. ಮೊದಲನೆಯದು ಮಾತ್ರ ಮಸ್ಕಿಯದೇ.

ಶಾಸನ ಏನು ಹೇಳುತ್ತದೆ ಎಂಬುದು ನನಗೆ ಅದಕ್ಕಿಂತ ಹೆಚ್ಚು ಹಿಡಿಸಿತು. ತಾನು ಎರಡೂವರೆ ವರ್ಷಕ್ಕೂ ಮಿಕ್ಕಿ ಬುದ್ಧನ ಅನುಯಾಯಿಯಾಗಿರುವುದನ್ನು ಅಶೋಕ ಹೇಳಿಕೊಳ್ಳುತ್ತಾನೆ. ಧರ್ಮದ ಹಾದಿಯ ಫಲ ದೊಡ್ಡವರಿಗೆ ಮಾತ್ರ ಎಂದುಕೊಳ್ಳಬಾರದು, ಸಣ್ಣವರಿಗೂ ಅದು ಸಾಧ್ಯ, ಈ ಮಾತನ್ನು ಸಣ್ಣವರಿಗೂ ದೊಡ್ಡವರಿಗೂ ತಿಳಿಸಬೇಕು ಎನ್ನುವುದು ಅದರ ಸಾರ. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಎಲ್ಲರಿಗೂ ಹೇಳಿ ಎಂದು ಕೆತ್ತಿಸಿದ ಮಾತನ್ನು ಇವತ್ತು ಅಲ್ಲಿ ನಿಂತು ಹೇಳುವವರೇ ಇಲ್ಲ. ಒಂದು ಫಲಕ ನೆಟ್ಟರೆ ಮಗುವಿನ ಪ್ರಶ್ನೆಗೆ ಉತ್ತರವಾಗುವುದಿಲ್ಲ.

ಮುನ್ನೂರ ನಲವತ್ತು ರೂಪಾಯಿ

ಆ ದಿನದ ಖರ್ಚನ್ನು ಬರೆದಿಟ್ಟಿದ್ದೆ. ಬಸ್ಸಿನ ಟಿಕೆಟ್ ಬಿಟ್ಟರೆ ಮಸ್ಕಿಯಲ್ಲಿ ನಾವು ನಾಲ್ವರು ಖರ್ಚು ಮಾಡಿದ್ದು 340 ರೂಪಾಯಿ. ಚಹಾ, ವಗ್ಗರಣೆ, ಮಿರ್ಚಿ, ಆಟೊ, ಒಂದು ಡಜನ್ ಬಾಳೆಹಣ್ಣು. ಮೈಸೂರಿನಲ್ಲಿ ಒಂದೇ ಊಟಕ್ಕೆ ಇದಕ್ಕಿಂತ ಹೆಚ್ಚು ಕೊಟ್ಟಿದ್ದೇವೆ. ಆದರೆ ಈ ಹಣ ಎಲ್ಲಿಗೆ ಹೋಯಿತು ಎಂದು ನೋಡಿದರೆ ಕುತೂಹಲವಾಗುತ್ತದೆ. ಚಹಾದಂಗಡಿಗೆ ಹಾಲು ಬರುವುದು ಪಕ್ಕದ ಓಣಿಯ ಮನೆಯಿಂದ. ಮೆಣಸಿನಕಾಯಿ ಸಂತೆಯದು. ಆಟೊದ ಹುಡುಗ ಅದೇ ಊರಿನವನು. ನಮ್ಮ ಹಣ ಆ ದಿನ ಊರು ಬಿಟ್ಟು ಹೋಗಿರಲಿಕ್ಕಿಲ್ಲ.

ಚಹಾದಂಗಡಿಯವರು ಇನ್ನೊಂದು ಮಾತು ಹೇಳಿದ್ದರು: "ಡಿಸೆಂಬರ್ ಬಂತಂದ್ರ ಟೂರಿನ ಬಸ್ಸು ಸಾಲು ಹಚ್ಚಿ ಹೋಗತಾವ್ರಿ. ಒಂದೂ ನಿಲ್ಲಂಗಿಲ್ಲ." ಬಸ್ಸು ನಿಲ್ಲದಿರುವುದಕ್ಕೆ ಯಾರನ್ನೂ ದೂರುವಂತಿಲ್ಲ. ನಿಲ್ಲಿಸಿದರೆ ಹತ್ತು ನಿಮಿಷದಲ್ಲಿ ಮಕ್ಕಳು ಬೇಸರಪಡುತ್ತಾರೆಂದು ಮೇಷ್ಟ್ರಿಗೆ ಗೊತ್ತು. ನಾವೇ ಬೇಸರಪಟ್ಟು ಬರಲಿಲ್ಲವೇ? ಅಲ್ಲಿ ಅಕ್ಷರ ತೋರಿಸಿ ಕಥೆ ಹೇಳುವ ಒಬ್ಬ ಕಾಲೇಜು ಹುಡುಗನೋ ಹುಡುಗಿಯೋ ಇದ್ದಿದ್ದರೆ ಹತ್ತು ನಿಮಿಷ ಎರಡು ಗಂಟೆಯಾಗುತ್ತಿತ್ತು. ಎರಡು ಗಂಟೆಯಾದರೆ ಹಸಿವಾಗುತ್ತಿತ್ತು, ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ ಉಣ್ಣುತ್ತಿದ್ದೆವು. ಕಥೆ ಹೇಳಿದವರಿಗೂ ನಾಲ್ಕು ಕಾಸು ಕೊಡುತ್ತಿದ್ದೆವು. ಪ್ರವಾಸೋದ್ಯಮ ಎಂದ ಕೂಡಲೇ ನಮಗೆ ಹೋಟೆಲು, ರೋಪ್‌ವೇ, ಕಾರಂಜಿ ನೆನಪಾಗುತ್ತವೆ. ಮಸ್ಕಿಗೆ ಸದ್ಯ ಬೇಕಾಗಿರುವುದು ಬ್ರಾಹ್ಮೀ ಓದಬಲ್ಲ ಇಬ್ಬರು ಮೂವರು ಊರಿನವರೇ.

ಸಿಂಧನೂರಿನಿಂದ ಇನ್ನೊಂದು ದಿಕ್ಕಿಗೆ ಹೋಗಿ ಗಂಗಾವತಿ ದಾಟಿದರೆ ಆನೆಗೊಂದಿ, ಹಂಪಿ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪಿಗೆ ಜಗತ್ತೇ ಬರುತ್ತದೆ. ಆನೆಗೊಂದಿಯಲ್ಲಿ ಹೆಂಗಸರು ಬಾಳೆನಾರಿನಿಂದ ಚೀಲ, ಬುಟ್ಟಿ ಹೆಣೆದು ಪ್ರವಾಸಿಗರಿಗೆ ಮಾರುತ್ತಾರೆ. ಗೊನೆ ಕಡಿದ ಮೇಲೆ ಎಸೆಯುತ್ತಿದ್ದ ಬಾಳೆಯ ದಿಂಡು ಸಂಪಾದನೆಯಾಯಿತು. ಅದೇ ಹಂಪಿಯಲ್ಲಿ 2011ರಲ್ಲಿ ಬಜಾರಿನ ಮಂಟಪಗಳಲ್ಲಿದ್ದ ಮನೆ, ಅಂಗಡಿಗಳನ್ನು ತೆರವು ಮಾಡಿದ್ದೂ ನಮಗೆ ನೆನಪಿದೆ. ಪ್ರವಾಸಿಗರಿಂದ ಬದುಕಿದವರು ಒಂದು ಬೆಳಗ್ಗೆ ನೆಲೆ ಕಳೆದುಕೊಂಡರು. ಜನ ಬಂದರೆ ಎಲ್ಲವೂ ಸರಿಹೋಗುತ್ತದೆ ಎಂದು ನಾನು ಹೇಳಲಾರೆ. ಆದರೆ ಹಂಪಿಗೆ ಬಂದವರಲ್ಲಿ ನೂರಕ್ಕೆ ಒಬ್ಬರು ಉತ್ತರಕ್ಕೆ ತಿರುಗಿದರೂ ಮಸ್ಕಿಯ ಚಹಾದಂಗಡಿಗೆ ಅದು ದೊಡ್ಡ ಸಂಖ್ಯೆ.

ಚಿನ್ನದ ಸೀಮೆ

ಅಶೋಕ ಇಷ್ಟು ದೂರದ ಈ ಕಲ್ಲುಗಾಡಿಗೆ ಯಾಕೆ ಶಾಸನ ಹಾಕಿಸಿದ ಎಂದು ಮಗ ಕೇಳಿದ. ಅದಕ್ಕೆ ಉತ್ತರ ಬಹುಶಃ ಲಿಂಗಸುಗೂರು ತಾಲ್ಲೂಕಿನ ನೆಲದೊಳಗಿದೆ. ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಜನ ಬಂಡೆಗೆ ಬೆಂಕಿ ಹಾಕಿ, ಸೀಳಿಸಿ, ನೂರಾರು ಅಡಿ ಆಳಕ್ಕೆ ಇಳಿದು ಚಿನ್ನ ತೆಗೆಯುತ್ತಿದ್ದರು. ಇಂದಿನ ಗಣಿ ಅಗೆಯುವವರಿಗೆ ಆ ಹಳೆಯ ಸುರಂಗಗಳು ಸಿಕ್ಕಿವೆ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಹಟ್ಟಿ ಇನ್ನೂ ನಡೆಯುತ್ತಿದೆ, ದೇಶದ ಮುಖ್ಯ ಚಿನ್ನದ ಗಣಿ ಅದೇ. ಮೌರ್ಯರ ದಕ್ಷಿಣದ ರಾಜಧಾನಿಗೆ ಸುವರ್ಣಗಿರಿ ಎಂದು ಹೆಸರಿತ್ತೆಂದು ಬ್ರಹ್ಮಗಿರಿಯ ಶಾಸನ ಹೇಳುತ್ತದೆ. ಅದು ಮಸ್ಕಿಯೇ ಎನ್ನುವವರಿದ್ದಾರೆ, ಕೊಪ್ಪಳ ಜಿಲ್ಲೆಯ ಕನಕಗಿರಿ ಎನ್ನುವವರೂ ಇದ್ದಾರೆ. ಜಗಳ ತೀರಿಲ್ಲ. ಎರಡೂ ಊರುಗಳ ಮಕ್ಕಳಿಗೆ ಚರ್ಚಾಸ್ಪರ್ಧೆಗೆ ಇದಕ್ಕಿಂತ ಒಳ್ಳೆಯ ವಿಷಯ ಸಿಗಲಾರದು.

ಲಿಂಗಸುಗೂರು ಪಟ್ಟಣ ನೋಡಲು ಸಾಮಾನ್ಯ. ಒಂದು ಕಾಲಕ್ಕೆ ಸೈನ್ಯದ ಛಾವಣಿ, 1905ರವರೆಗೆ ಜಿಲ್ಲಾ ಕೇಂದ್ರ. ಅಲ್ಲಿಂದ ಹದಿನಾರು ಕಿಲೋಮೀಟರ್ ಆಚೆ ಮುದಗಲ್. ಕೃಷ್ಣಾ ತುಂಗಭದ್ರೆಗಳ ನಡುವಿನ ಈ ದೋಆಬಿಗಾಗಿ ವಿಜಯನಗರವೂ ಬಹಮನಿಗಳೂ ತಲೆಮಾರುಗಟ್ಟಲೆ ಕಾದಾಡಿದರು. ಮುದಗಲ್ಲಿನ ಅಕ್ಕಸಾಲಿಗನ ಮಗಳೊಬ್ಬಳಿಗಾಗಿ 1406ರಲ್ಲಿ ಯುದ್ಧವೇ ನಡೆಯಿತೆಂದು ಫೆರಿಸ್ತಾ ಬರೆದಿದ್ದಾನೆ. ಆತ ಇನ್ನೂರು ವರ್ಷ ಕಳೆದ ಮೇಲೆ ಬರೆದದ್ದು, ಎಷ್ಟು ನಂಬಬೇಕೋ ಅಷ್ಟು ನಂಬಿ. ಕೋಟೆಯ ಕಂದಕ, ಎರಡು ಸುತ್ತಿನ ಗೋಡೆ, ತಿರುಗಿ ತಿರುಗಿ ಒಳಗೆ ಹೋಗುವ ಬಾಗಿಲುಗಳನ್ನು ಮಾತ್ರ ಮಕ್ಕಳು ಬಿಟ್ಟು ಬರಲು ಒಪ್ಪಲಿಲ್ಲ.

ಮುದಗಲ್ಲನ್ನು ನೋಡಬೇಕಾದದ್ದು ಮೊಹರಮ್ಮಿನಲ್ಲಿ. ಹಿಂದೂಗಳು, ಮುಸ್ಲಿಮರು ಒಟ್ಟಿಗೆ ಹರಕೆ ಹೊತ್ತು ಅಲಾಯಿ ಹಬ್ಬ ಮಾಡುತ್ತಾರೆ. ದುಡಿಯಲು ಬೆಂಗಳೂರು, ಪುಣೆ ಸೇರಿದವರು ಆ ದಿನಗಳಲ್ಲಿ ಊರಿಗೆ ಬರುತ್ತಾರೆ. ಅವರನ್ನು ಯಾರೂ ಪ್ರವಾಸಿಗರು ಎನ್ನುವುದಿಲ್ಲ, ಅವರೂ ಹಾಗೆ ಅಂದುಕೊಳ್ಳುವುದಿಲ್ಲ. ಆದರೆ ಮಿಠಾಯಿಯವರು, ಬಳೆಗಾರರು, ಹೂವಿನವರು, ಆಟೊದವರು ವರ್ಷದ ಲೆಕ್ಕ ಸರಿದೂಗಿಸುವುದು ಆ ಹತ್ತು ದಿನಗಳಲ್ಲಿ. ಸಿಂಧನೂರು ತಾಲ್ಲೂಕಿನ ಸೋಮಲಾಪುರದ ಅಂಬಾಮಠಕ್ಕೆ ಬನದ ಹುಣ್ಣಿಮೆಯಲ್ಲಿ ಸೇರುವ ಜನಸಾಗರವೂ ಹೀಗೆಯೇ. ನಮ್ಮ ಕಡೆಯ ದೇಶೀಯ ಪ್ರವಾಸೋದ್ಯಮಕ್ಕೆ ಜಾತ್ರೆ ಎಂದು ಹೆಸರು, ಅದಕ್ಕೆ ಯಾರ ಜಾಹೀರಾತೂ ಬೇಕಾಗಿರಲಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲದಂತಾದ ಮೇಲಂತೂ ನಮ್ಮ ಓಣಿಯ ಅಜ್ಜಿಯರು ಬುತ್ತಿ ಕಟ್ಟಿಕೊಂಡು ಗುಂಪಾಗಿ ಹೊರಡುತ್ತಾರೆ. ಟಿಕೆಟಿನಲ್ಲಿ ಉಳಿದದ್ದನ್ನು ತೆಂಗಿನಕಾಯಿ, ಬಳೆ, ಮೊಮ್ಮಕ್ಕಳ ಪೀಪಿಗೆ ಖರ್ಚು ಮಾಡಿ ಬರುತ್ತಾರೆ. ಅರ್ಥಶಾಸ್ತ್ರ ಓದುವ ಹುಡುಗರು ಈ ಅಜ್ಜಿಯರ ಜೊತೆ ಒಂದು ದಿನ ಹೋಗಿ ಬರಬೇಕು.

ಮುದಗಲ್ಲಿನ ಹತ್ತಿರವೇ ಪಿಕ್ಲಿಹಾಳ. ಎಫ್. ಆರ್. ಆಲ್ಚಿನ್ ಇಲ್ಲಿ ಉತ್ಖನನ ಮಾಡಿ 1960ರಲ್ಲಿ ವರದಿ ಪ್ರಕಟಿಸಿದರು. ಹೊಸ ಶಿಲಾಯುಗದ ದನಗಾಹಿಗಳ ನೆಲೆ ಅದು. ಬಂಡೆಗಳ ಮೇಲೆ ಕುಟ್ಟಿ, ಬಳಿದು ಮೂಡಿಸಿದ ಡುಬ್ಬದ ಹೋರಿಗಳು ಈಗಲೂ ಇವೆ. ಕೊಂಬಿನ ಬಾಗು ನೋಡಿದರೆ ನಮ್ಮ ಸಂತೆಗೆ ಬರುವ ಎತ್ತುಗಳೇ. ಇಂಥ ಕಡೆ ಒಂದು ಭಯವೂ ಕಾಡುತ್ತದೆ. ನಾನು ನೋಡಿದ ಎಷ್ಟೋ ಬಂಡೆಗಳ ಮೇಲೆ ಪ್ರೇಮಿಗಳ ಹೆಸರು, ಬಾಣ ಚುಚ್ಚಿದ ಹೃದಯ, ತೈಲವರ್ಣದ ಬರಹ. ಮೂರು ಸಾವಿರ ವರ್ಷಕ್ಕೂ ಹಳೆಯ ಚಿತ್ರ ಒಂದು ಡಬ್ಬಿ ಬಣ್ಣಕ್ಕೆ ಹೋಗಿಬಿಡುತ್ತದೆ. ತಂದೆತಾಯಿಗಳು ಮಕ್ಕಳನ್ನು ಕರೆದೊಯ್ದರೆ ಚಿತ್ರಕ್ಕೆ ಕೈ ತಾಗಿಸದಂತೆ, ನೀರು ಚಿಮುಕಿಸದಂತೆ ನೋಡಿಕೊಳ್ಳಲಿ. ಫೋಟೊ ಚೆನ್ನಾಗಿ ಬರಲೆಂದು ನೀರು ಹಾಕುವ ದೊಡ್ಡವರನ್ನು ತಡೆಯುವುದು ಹೆಚ್ಚು ಕಷ್ಟ.

ಸಿಂಧನೂರಿನೊಳಗಿನ ಬಂಗಾಳ

ನಮ್ಮೂರು ಸಿಂಧನೂರಿನಲ್ಲಿ ಕೋಟೆ ಕೊತ್ತಲಗಳನ್ನು ತೋರಿಸಿ ಎಂದರೆ ತೋರಿಸುವುದು ಕಷ್ಟ. ಇಲ್ಲಿರುವುದು ಕಾಲುವೆ, ಗದ್ದೆ, ಅಕ್ಕಿ ಗಿರಣಿ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆ ಹರಿದ ಮೇಲೆ ಜೋಳ, ಹತ್ತಿಯ ಎರೆಹೊಲ ಭತ್ತದ ಗದ್ದೆಯಾಯಿತು. ಆಂಧ್ರದಿಂದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿದರು. ಆಮೇಲೆ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿಗೂ ಸರ್ಕಾರ ಈ ತಾಲ್ಲೂಕಿನಲ್ಲೇ ನೆಲೆ ಕೊಟ್ಟಿತು. ಇಂದು ಆ ಪುನರ್ವಸತಿ ಕ್ಯಾಂಪುಗಳಲ್ಲಿ ಮೀನಿನ ಸಾರು, ಅನ್ನ, ಮನೆಯೊಳಗೆ ಬಂಗಾಳಿ, ಬೀದಿಯಲ್ಲಿ ಕನ್ನಡ. ದಸರೆಯಲ್ಲಿ ದುರ್ಗಾಪೂಜೆ. ನಾವು ನಾಡಹಬ್ಬ ನೋಡಲು ಮೈಸೂರಿಗೆ ಹೋಗುತ್ತೇವೆ. ಕೆಲವೇ ಕಿಲೋಮೀಟರಿನಾಚೆ ಢಾಕ್ ಬಡಿದು ದುರ್ಗೆಯನ್ನು ಕೂರಿಸಿರುತ್ತಾರೆ. ಮಗಳ ತರಗತಿಯಲ್ಲೇ ಕ್ಯಾಂಪಿನ ಹುಡುಗಿಯೊಬ್ಬಳಿದ್ದಾಳೆ. ಅವಳು ಕರೆದ ಮೇಲೆಯೇ ನಾವು ಮೊದಲ ಸಲ ಹೋದದ್ದು. ತಮ್ಮ ಅಜ್ಜ ಗಡಿ ದಾಟಿ ಬಂದ ಕಥೆಯನ್ನು ಆಕೆಯ ತಂದೆ ನಮ್ಮ ರಾಯಚೂರು ಕನ್ನಡದಲ್ಲಿ ಹೇಳಿದರು. ದೇಶ ವಿಭಜನೆಯ ಪಾಠವನ್ನು ಮಗಳು ಆ ಅಂಗಳದಲ್ಲಿ ಕೂತು ಕಲಿತಳು. ಅಂಥ ಮನೆಗಳಿಗೆ ಕರೆಯದೆ ಹೋಗಬಾರದು, ಅವು ಪ್ರೇಕ್ಷಣೀಯ ಸ್ಥಳಗಳಲ್ಲ. ಪೂಜೆಯ ಪೆಂಡಾಲಿಗೆ ಮಾತ್ರ ಯಾರು ಹೋದರೂ ಪ್ರಸಾದ ಸಿಗುತ್ತದೆ.

2019ರ ಸ್ವಾತಂತ್ರ್ಯ ದಿನದ ಭಾಷಣದಲ್ಲಿ ಪ್ರಧಾನಿಯವರು 2022ರೊಳಗೆ ದೇಶದೊಳಗಿನ 15 ಸ್ಥಳಗಳನ್ನಾದರೂ ನೋಡಿ ಎಂದು ಜನರಿಗೆ ಹೇಳಿದ್ದರು. ಹದಿನೈದನ್ನು ಎಣಿಸುವಾಗ ನಾವೆಲ್ಲ ಕಾಶ್ಮೀರ, ಕಾಶಿ, ಕನ್ಯಾಕುಮಾರಿಯಿಂದ ಶುರುಮಾಡಿದೆವು. ಅಷ್ಟರಲ್ಲಿ ಕೊರೊನಾ ಬಂತು, ಮನೆಯೊಳಗೇ ಕೂತೆವು. ನನ್ನ ಪಟ್ಟಿಯಲ್ಲಿ ಈಗ ಮೊದಲ ಆರು ಊರುಗಳು ರಾಯಚೂರು ಜಿಲ್ಲೆಯವೇ.

ಎರಡನೆಯ ಸಲ

ಜನವರಿಯಲ್ಲಿ ಮತ್ತೆ ಮಸ್ಕಿಗೆ ಹೋದೆವು. ಈ ಸಲ ತಯಾರಿ ಇತ್ತು. ಗ್ರಂಥಾಲಯದ ಪುಸ್ತಕದಿಂದ ಶಾಸನದ ಅಚ್ಚಿನ ಪ್ರತಿ ತೆಗೆಸಿಕೊಂಡಿದ್ದೆವು. ಮಗಳು ಬ್ರಾಹ್ಮೀ ವರ್ಣಮಾಲೆಯನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದುಕೊಂಡಿದ್ದಳು. ಅವಳ ಮೂವರು ಗೆಳತಿಯರೂ ಜೊತೆಗೆ ಬಂದಿದ್ದರು, ಕ್ಯಾಂಪಿನ ಹುಡುಗಿಯೂ ಸೇರಿ. ಬ್ರಾಹ್ಮಿಯ 'ಕ' ಅಕ್ಷರ ಕಲಿಯಲು ಎರಡು ಸೆಕೆಂಡು ಸಾಕು, ಅದು ಗಣಿತದ ಕೂಡುವ ಚಿಹ್ನೆಯೇ. 'ಅ' ಇಂಗ್ಲಿಷಿನ ಕೆ ಅಕ್ಷರವನ್ನು ಕನ್ನಡಿಯಲ್ಲಿ ನೋಡಿದ ಹಾಗೆ. ನಡುವೆ 'ಸೋ', ಕೊನೆಯಲ್ಲಿ 'ಸ'.

ಕೈಯಲ್ಲಿನ ಹಾಳೆಯನ್ನೂ ಬಂಡೆಯನ್ನೂ ಸರದಿಯಂತೆ ನೋಡುತ್ತ ನಾಲ್ವರು ಹುಡುಗಿಯರು ತಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತರು. ಮೊದಲು ಏನೂ ಕಾಣಲಿಲ್ಲ. ಕಣ್ಣು ಹೊಂದಿಕೊಂಡ ಮೇಲೆ ಒಬ್ಬಳು "ಪ್ಲಸ್ಸು!" ಎಂದು ಕೂಗಿದಳು. ಆಮೇಲೆ ಎಡಕ್ಕೆ ಒಂದೊಂದೇ ಅಕ್ಷರ ಸರಿಯುತ್ತ ಹೋದರು. ಆಡು ಕಾಯುತ್ತಿದ್ದ ಹುಡುಗನೊಬ್ಬ ಗದ್ದಲ ಕೇಳಿ ಬಂದು ನಿಂತ. ದಿನವೂ ಅಲ್ಲೇ ಓಡಾಡುವವನು. ಮಗಳು ಅವನಿಗೂ ಹಾಳೆ ತೋರಿಸಿದಳು. ಅವನು ಬೆರಳಿನಿಂದ ಮಣ್ಣಿನಲ್ಲಿ ನಾಲ್ಕು ಅಕ್ಷರ ತಿದ್ದಿದ, ಅಳಿಸಿದ, ಮತ್ತೆ ತಿದ್ದಿದ. ನಾವು ಹೊರಡುವಾಗ ಆ ಹಾಳೆಯನ್ನು ಅವನು ಕೇಳಿ ಇಸಿದುಕೊಂಡ.

ಆ ದಿನ ಮಸ್ಕಿಯಲ್ಲಿ ಮೂರು ತಾಸು ಇದ್ದೆವು. ಖರ್ಚು 910 ರೂಪಾಯಿ, ಊಟ ಸೇರಿ.

ಹೋಗುವವರಿಗೆ: ರಾಷ್ಟ್ರೀಯ ಹೆದ್ದಾರಿ 150ಎ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ಒಂದೇ ದಾರದಲ್ಲಿ ಪೋಣಿಸಿದೆ. ಬಸ್ಸುಗಳಿಗೆ ಕೊರತೆಯಿಲ್ಲ. 2024ರಿಂದ ಸಿಂಧನೂರಿಗೆ ರೈಲೂ ಇದೆ. ನವೆಂಬರಿನಿಂದ ಫೆಬ್ರವರಿಯವರೆಗೆ ಹೋಗಿ, ಬೇಸಿಗೆಯಲ್ಲಿ ಬಂಡೆಗಳು ಕಾದ ಹಂಚು. ಬೆಳಗ್ಗೆ ಮಸ್ಕಿ, ಮಧ್ಯಾಹ್ನದ ಮೇಲೆ ಮುದಗಲ್ ಕೋಟೆ ಎಂದಿಟ್ಟುಕೊಂಡರೆ ಒಂದು ದಿನಕ್ಕೆ ಸರಿ. ಕೃಷ್ಣೆಯ ನಡುಗಡ್ಡೆಯ ಜಲದುರ್ಗಕ್ಕೆ ಬೇರೆ ದಿನ ಇರಲಿ. ಹಟ್ಟಿಯ ಗಣಿಯೊಳಗೆ ಸುಮ್ಮನೆ ಬಿಡುವುದಿಲ್ಲ, ಶಾಲೆಯಿಂದ ಮೊದಲೇ ಪತ್ರ ಬರೆದು ಕೇಳಬೇಕು. ಮಸ್ಕಿಗೆ ಹೋಗುವಾಗ ನೀರಿನ ಬಾಟಲಿಯ ಜೊತೆ ಶಾಸನದ ಪ್ರತಿಗಳು ಎರಡು ಮೂರು ಹೆಚ್ಚಿಗೆ ಇರಲಿ, ಅಲ್ಲಿ ಕೇಳುವವರು ಸಿಗುತ್ತಾರೆ.